ಮಳೆಗಾಲದ ಅಧಿವೇಶನ: ಕನ್ನಡ ಮಾಧ್ಯಮ ಶಿಕ್ಷಕರ ಹುದ್ದೆಗಳಿಗಾಗಿ ಶಾಸಕರ ಭೇಟಿ ದಿನ ಹೇಗೆ ಮಾಡೋಣ?

ಚೆಂಬೂರು ಪಾಲಕಿ
ಎಲ್ಲರಿಗೂ ನಮಸ್ಕಾರ. ಮಹಾರಾಷ್ಟ್ರ ವಿಧಾನಮಂಡಳದ ಮಳೆಗಾಲದ ಅಧಿವೇಶನ ಹತ್ತಿರ ಬಂತು. ಈ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳ ವಿಷಯ ಹಿಡ್ಕೊಂಡು ಪಾಲಕರು, ಕನ್ನಡ ಸಂಘದವರು ಸೇರಿ ಒಂದೇ ದಿನ ಆದಷ್ಟು ಶಾಸಕರನ್ನು ಕಾಣಬೇಕು ಅಂತ ಮಾತುಕತೆ ನಡೀತಿದೆ. ಈಗ ಇರೋ ಯೋಚನೆ ಇಷ್ಟು: 50 ಜನ, ಒಂದು ಬಸ್ಸು, ಬೆಳಗ್ಗೆ ಹೊರಟು ನೇರ ಮುಂಬೈಯ ವಿಧಾನ ಭವನ. ಮನವಿಯಲ್ಲಿ ಶಿಕ್ಷಕರು, ಸೆಮಿ ಇಂಗ್ಲಿಷ್, ಪಠ್ಯಪುಸ್ತಕ, ಶೌಚಾಲಯ, ಕಂಪ್ಯೂಟರ್, ಕನ್ನಡ ಭವನ ಅಂತ 11 ಬೇಡಿಕೆ ಸೇರಿವೆ.

ಪಾಸ್ ಯಾರು ಕೊಡ್ತಾರೆ? ಯಾವ ವಾರ ಒಳ್ಳೇದು? ಮನವಿ ಯಾವ ಭಾಷೇಲಿ ಇರಬೇಕು? ಹೋಗಿ ಫೋಟೊ ತೆಗೆಸ್ಕೊಂಡು ಬಂದ್ರೆ ಸಾಲದು, ಹುದ್ದೆ ತುಂಬಬೇಕು. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಶಾಸನ ನಿರ್ಣಯ
ಅಕ್ಕಾ, ಮೊದಲು ಬಸ್ಸು ರದ್ದು ಮಾಡಿ. 2025ರ ಜುಲೈಯಲ್ಲಿ ವಿಧಾನ ಭವನದ ಲಾಬಿಯಲ್ಲೇ ಇಬ್ಬರು ಶಾಸಕರ ಬೆಂಬಲಿಗರು ಹೊಡೆದಾಡಿದ ಮೇಲೆ ಅಧಿವೇಶನದ ಹೊತ್ತಲ್ಲಿ ಹೊರಗಿನವರ ಪ್ರವೇಶವನ್ನು ಅಧ್ಯಕ್ಷರು ತುಂಬ ಬಿಗಿ ಮಾಡಿದರು. ಶಾಸಕರ ಶಿಫಾರಸು ಇದ್ದರೂ ಗೇಟಲ್ಲಿ ನಿಂತುಬಿಡುವ ಸಾಧ್ಯತೆ ಇದೆ. ಅದಲ್ಲದೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಂ ಕೆಳಗೆ ಐದು ಅಥವಾ ಹೆಚ್ಚು ಜನ ಗುಂಪುಗೂಡಬಾರದು ಎಂಬ ಆದೇಶ ಮುಂಬೈಯಲ್ಲಿ ಪದೇ ಪದೇ ಹೊರಡುತ್ತದೆ. ನರಿಮನ್ ಪಾಯಿಂಟ್ ಫುಟ್‌ಪಾತ್ ಮೇಲೆ 50 ಜನ ಬ್ಯಾನರ್ ಹಿಡಿದು ಇಳಿದರೆ ಮೊದಲ ಭೇಟಿ ಪೊಲೀಸರ ಜೊತೆಗೇ.

ವಿಧಾನ ಭವನದ ಒಳಗೆ ಹೋಗುವ ಅಗತ್ಯವೂ ಇಲ್ಲ. ಅಧಿವೇಶನದ ದಿನ ಬೆಳಗ್ಗೆ 11ಕ್ಕೆ ಪ್ರಶ್ನೋತ್ತರ ಶುರುವಾದರೆ ಶಾಸಕರು ನಿಮ್ಮ ಕೈಗೆ ಸಿಗುವುದಿಲ್ಲ. ಸಿಕ್ಕರೂ ಮೆಟ್ಟಿಲ ಮೇಲೆ ನಿಂತು ಅರ್ಧ ನಿಮಿಷ. ಮುಂಬೈಯ 36 ಶಾಸಕರನ್ನು ಶನಿವಾರ ಬೆಳಗ್ಗೆ ಅವರವರ ಜನಸಂಪರ್ಕ ಕಚೇರಿಯಲ್ಲಿ ಕಾಣಿ. ಹೊರ ಜಿಲ್ಲೆಯವರು ಶುಕ್ರವಾರ ಸಂಜೆ ಊರಿಗೆ ಹೊರಟುಬಿಡ್ತಾರೆ, ಅವರನ್ನು ಸೋಮವಾರದಿಂದ ಗುರುವಾರದೊಳಗೆ ಬೆಳಗ್ಗೆ 8ರಿಂದ 10ರವರೆಗೆ ಆಕಾಶವಾಣಿ ಆಮದಾರ ನಿವಾಸದಲ್ಲೋ (ಶಾಸಕರ ವಸತಿಗೃಹ) ಅವರು ಇಳಿದುಕೊಂಡ ಜಾಗದಲ್ಲೋ ಹಿಡೀಬೇಕು. ಮಂತ್ರಿಗಳನ್ನು ಕಾಣಲು ಮಂತ್ರಾಲಯ, ಅಂದರೆ ರಾಜ್ಯದ ಸಚಿವಾಲಯ. ಸಾಮಾನ್ಯರಿಗೆ ಪ್ರವೇಶ ಮಧ್ಯಾಹ್ನ 2ರ ಮೇಲೆ, ಡಿಜಿಪ್ರವೇಶ್ ಆ್ಯಪ್‌ನಲ್ಲಿ ಮೊದಲೇ ನೋಂದಣಿ ಆಗಿರಬೇಕು. ಗೇಟ್ ಮುಂದೆ ನಿಂತು ಆ್ಯಪ್ ಹಾಕಿಕೊಳ್ಳೋಕೆ ಹೊರಟರೆ ಒಟಿಪಿ ಬರುವಷ್ಟರಲ್ಲಿ ನಿಮಗೆ ಕೊಟ್ಟ ಹೊತ್ತು ಮುಗಿದಿರುತ್ತದೆ.

ಅಂದರೆ ಒಂದು ದಿನದ ಬದಲು ಒಂದು ಶನಿವಾರ, ಒಂದು ವಾರದ ದಿನ. ಒಂದು ತಂಡಕ್ಕೆ ನಾಲ್ಕೇ ಜನ.

ಕಿಂಗ್ಸ್ ಸರ್ಕಲ್
ನಾಲ್ಕು ಜನ ಹೋದ್ರೆ ಶಾಸಕರು ಲೆಕ್ಕಕ್ಕೆ ಇಡ್ತಾರಾ ಮಾರಾಯ್ರೆ? ಜನಬಲ ತೋರಿಸದಿದ್ರೆ ಇಲ್ಲಿ ಯಾರೂ ತಿರುಗಿ ನೋಡುದಿಲ್ಲ.

ಶಾಸನ ನಿರ್ಣಯ
ಆ ನಾಲ್ವರು ಅವರದ್ದೇ ಕ್ಷೇತ್ರದ ಮತದಾರರಾಗಿದ್ದರೆ ಇಡ್ತಾರೆ. ಬೇರೆ ಕ್ಷೇತ್ರದ 40 ಜನ ಬಂದರೆ ಚಹಾ ಕೊಟ್ಟು ಕಳಿಸ್ತಾರೆ.

ಡೊಂಬಿವಲಿ ಲೋಕಲ್
ಕ್ಷೇತ್ರ ಹೊಂದಿಸುವಾಗ ಪಿನ್‌ಕೋಡ್ ನಂಬಬೇಡಿ. ಮಾಟುಂಗ ಅಂತ ವಿಳಾಸ ಇದ್ದವರೆಲ್ಲ ಒಂದೇ ಕ್ಷೇತ್ರದವರಲ್ಲ. 179 ಸಾಯನ್ ಕೋಳಿವಾಡ, 180 ವಡಾಲಾ, 181 ಮಾಹಿಮ್, ಈ ಮೂರರಲ್ಲಿ ಹಂಚಿಹೋಗಿರ್ತಾರೆ. ನಮ್ಮ ಕಡೆ ಡೊಂಬಿವಲಿ 143, ಒಂದು ರಸ್ತೆ ದಾಟಿದರೆ ಕಲ್ಯಾಣ ಗ್ರಾಮೀಣ 144. ಪ್ರತಿಯೊಬ್ಬರ ಮತದಾರ ಗುರುತಿನ ಚೀಟಿ ಸಂಖ್ಯೆ ಚುನಾವಣಾ ಆಯೋಗದ ಜಾಲತಾಣದಲ್ಲಿ ಹಾಕಿ, ಕ್ಷೇತ್ರ ಸಂಖ್ಯೆ ಮತ್ತು ಮತದಾರರ ಪಟ್ಟಿಯ ಭಾಗ ಕ್ರಮಾಂಕ ಎರಡನ್ನೂ ಬರೆದುಕೊಳ್ಳಿ. ಮನವಿಯ ಸಹಿ ಪಕ್ಕದಲ್ಲೇ ಆ ಭಾಗ ಕ್ರಮಾಂಕ ಇರಲಿ. ಶಾಸಕರ ಪಿಎ (ಆಪ್ತ ಸಹಾಯಕರು) ಅದನ್ನೇ ಮೊದಲು ನೋಡೋದು.

ಊರಲ್ಲಿ ಮತ ಇಟ್ಟುಕೊಂಡಿರೋ ಉಡುಪಿ, ಮಂಗಳೂರು ಕಡೆಯವರನ್ನು ಸಹಿಗೆ ಸೇರಿಸಬೇಡಿ. ಬರೋದಾದರೆ ಪಾಲಕರಾಗಿ ಬರಲಿ.

ಜತ್ತ ಸೀಮಿ
ಮುಂಬೈದವರಿಗೆ ಒಂದ್ ಮಾತು ಹೇಳ್ತೇನ್ರಿ. ಕನ್ನಡ ಮಾಧ್ಯಮ ಅಂದಕೂಡ್ಲೆ ನೀವು ಮುಂಬೈ ಅಷ್ಟ ನೋಡ್ತೀರಿ. ಈ ರಾಜ್ಯದಾಗ ಕನ್ನಡ ಸಾಲಿ ಹೆಚ್ಚಿಗಿ ಇರೂದು ಗಡಿ ಕಡೆ, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ. ಅಕ್ಕಲಕೋಟ 250, ಸೊಲ್ಲಾಪುರ ದಕ್ಷಿಣ 251, ನಮ್ಮ ಜತ್ತ 288, ಕಡೀ ನಂಬರು. ಈ ಕ್ಷೇತ್ರದ ಆಮದಾರರಿಗೆ ಕನ್ನಡ ಮಾತಾಡೂ ಮತದಾರ ಅಂದ್ರ ಯಾರಂತ ತಿಳಿಸಿ ಹೇಳೂದ ಬ್ಯಾಡ. ಮುಂಬೈ ಶಾಸಕರ ಪತ್ರದ ಜೋಡಿ ಇವರ ಪತ್ರಾನೂ ಒಂದ ವಾರದಾಗ ಮಂತ್ರಿಗಳ ಟೇಬಲ್ಲಿಗೆ ಬಿದ್ರ ಮುಂಬೈ ಸಂಘದವರ ಗಲಾಟಿ ಅಂತ ಯಾರೂ ಬದಿಗಿಡೂದಿಲ್ಲ, ರಾಜ್ಯದ ಪ್ರಶ್ನೆ ಆಗ್ತದ.

ನಮ್ಮ ಕಡಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಸೊಲ್ಲಾಪುರ ಬಿಟ್ರ ಮುಂಜಾನಿ ಸಿಎಸ್‌ಎಂಟಿ. ಎಂಟಕ್ಕ ಆಮದಾರ ನಿವಾಸಕ್ಕ ಬರಾಕ ಅಡ್ಡಿಯಿಲ್ಲ.

ಚೆಂಬೂರು ಪಾಲಕಿ
ಇದು ತಲೆಗೇ ಬಂದಿರಲಿಲ್ಲ ಅಣ್ಣಾ. ಗಡಿ ಕಡೆಯವರನ್ನು ಖಂಡಿತ ಸೇರಿಸಿಕೊಳ್ತೀವಿ. 11 ಬೇಡಿಕೆ ಬಗ್ಗೆ ಏನಂತೀರಿ ಎಲ್ಲರೂ?

ಪಟಸಂಖ್ಯೆ ಮಾಸ್ತರ
ಹನ್ನೊಂದರಲ್ಲಿ ಹತ್ತು ತೆಗೆಯಿರಿ. ಉಳಿದ ಒಂದನ್ನೂ "ಶಿಕ್ಷಕರನ್ನು ಕೊಡಿ" ಅಂತ ಬರೆದರೆ ಉಪಯೋಗವಿಲ್ಲ. ಹುದ್ದೆ ಯಾವ ಹಂತದಲ್ಲಿ ಸಿಕ್ಕಿಬಿದ್ದಿದೆ ಅಂತ ಹೇಳಬೇಕು. ಸಾಮಾನ್ಯವಾಗಿ ಮೂರು ಕಡೆ ಸಿಕ್ಕಿಕೊಳ್ಳುತ್ತದೆ.

ಮೊದಲನೆಯದು ಸಂಚ್ ಮಾನ್ಯತಾ, ಅಂದರೆ ಶಾಲೆಯ ಹುದ್ದೆಗಳ ಮಂಜೂರಾತಿ. ಯಾವ ಶಾಲೆಗೆ ಎಷ್ಟು ಹುದ್ದೆ ಅನ್ನುವುದು ಸೆಪ್ಟೆಂಬರ್ 30ರ ಪಟಸಂಖ್ಯೆ (ದಾಖಲಾದ ಮಕ್ಕಳ ಸಂಖ್ಯೆ) ಮೇಲೆ ನಿಂತಿದೆ, ಅದರಲ್ಲೂ ಆಧಾರ್ ಹೊಂದಿದ ಮಕ್ಕಳೇ ಲೆಕ್ಕ. ಶಾಲೆ ದಾಖಲೆಯಲ್ಲಿ "ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ್ ಆರ್" ಅಂತಿದ್ದರೆ, ಜನ್ಮ ತಾರೀಖು ಬೇರೆ ಇದ್ದರೆ, ಮಗು ತರಗತಿಯಲ್ಲಿ ಕೂತಿದ್ದರೂ ಲೆಕ್ಕಕ್ಕಿಲ್ಲ. ಇಂಥ ನಾಲ್ಕೈದು ಮಕ್ಕಳು ಬಿದ್ದುಹೋದರೆ ಒಂದು ಹುದ್ದೆ ಹೋಗುತ್ತದೆ. ಇದನ್ನು ಶಾಸಕರು ಸರಿಮಾಡಲಾರರು, ಶಾಲೆಯೇ ಸೆಪ್ಟೆಂಬರ್ ಮುಂಚೆ ಮಾಡಬೇಕು. ಜೊತೆಗೆ 2024ರ ಮಾರ್ಚ್ 15ರ ಶಾಸನ ನಿರ್ಣಯ, ಅಂದರೆ ಸರಕಾರಿ ಆದೇಶ, ಓದಿ. ಮಕ್ಕಳು ಕಡಿಮೆ ಇರುವ ಶಾಲೆಗಳಿಗೆ, ವಿಶೇಷವಾಗಿ 6ರಿಂದ 8ನೇ ತರಗತಿಗೆ, ಅದರಿಂದ ಪೆಟ್ಟು ಬಿದ್ದಿದೆ. ಭಾಷಾ ಅಲ್ಪಸಂಖ್ಯಾತ ಮಾಧ್ಯಮಗಳಿಗೆ ಅದರಲ್ಲಿ ವಿನಾಯಿತಿ ಕೇಳುವುದು ನ್ಯಾಯವಾದ ಬೇಡಿಕೆ, ಮತ್ತು ಅದು ಪೂರ್ತಿ ರಾಜ್ಯ ಸರಕಾರದ ಕೈಯಲ್ಲೇ ಇದೆ.

ಎರಡನೆಯದು ಬಿಂದುನಾಮಾವಳಿ, ಮೀಸಲಾತಿ ರೋಸ್ಟರ್. ಹುದ್ದೆ ಮಂಜೂರಾಗಿರುತ್ತದೆ, ಆದರೆ ಸಂಸ್ಥೆಯ ರೋಸ್ಟರ್ ಮಾಗಾಸವರ್ಗೀಯ ಕಕ್ಷದಿಂದ (ಹಿಂದುಳಿದ ವರ್ಗಗಳ ವಿಭಾಗ) ತಪಾಸಣೆ ಆಗಿರುವುದಿಲ್ಲ. ತಪಾಸಣೆ ಆಗದೆ ಶಿಕ್ಷಕರ ನೇಮಕಾತಿಯ ಪವಿತ್ರ ಪೋರ್ಟಲ್‌ನಲ್ಲಿ ಜಾಹೀರಾತು ಹಾಕಲು ಬರುವುದಿಲ್ಲ. ಕಡತ ಆರು ತಿಂಗಳು ಅಲ್ಲಾಡದೆ ಕೂತಿದ್ದರೂ ಹೊರಗಿನವರಿಗೆ "ಸರಕಾರ ಶಿಕ್ಷಕರನ್ನು ಕೊಡುತ್ತಿಲ್ಲ" ಅಂತ ಮಾತ್ರ ಕಾಣುತ್ತದೆ. ಶಾಸಕರ ಒಂದು ಪತ್ರ, ಒಂದು ಫೋನಿನಿಂದ ಬೇಗ ಕೆಲಸ ಆಗುವ ಜಾಗ ಇದೇ.

ಮೂರನೆಯದು ಅಭ್ಯರ್ಥಿಗಳ ಕೊರತೆ. ಜಾಹೀರಾತು ಬಂದರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮತ್ತು ಅಭಿಯೋಗ್ಯತಾ ಪರೀಕ್ಷೆ ಪಾಸಾದ ಕನ್ನಡ ಮಾಧ್ಯಮದ ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಅಭ್ಯರ್ಥಿ ಬೇಕಲ್ಲ. ಇದು ದೀರ್ಘ ಕೆಲಸ, ಈ ಅಧಿವೇಶನಕ್ಕೆ ಹಚ್ಚಬೇಡಿ.

ಪ್ರತಿ ಶಾಲೆಗೆ ಬರೆಯಬೇಕಾದ್ದು ಇಷ್ಟೇ: "ಮಂಜೂರಾದ ಹುದ್ದೆ ಇಷ್ಟು, ತುಂಬಿರುವುದು ಇಷ್ಟು, ಖಾಲಿ ಇಷ್ಟು. ಬಿಂದುನಾಮಾವಳಿ ತಪಾಸಣೆ ಇಂಥ ದಿನಾಂಕದಿಂದ ಬಾಕಿ. ತಪಾಸಣೆ ಮುಗಿಸಿ ಪವಿತ್ರದ ಮುಂದಿನ ಜಾಹೀರಾತಿನಲ್ಲಿ ಈ ಹುದ್ದೆಗಳನ್ನು ಸೇರಿಸಲು ಶಿಕ್ಷಣ ಉಪಸಂಚಾಲಕರಿಗೆ ನಿರ್ದೇಶ ನೀಡಬೇಕು." ಇದನ್ನು ಓದಿದ ಶಾಸಕರಿಗೆ ಯಾರಿಗೆ ಫೋನ್ ಮಾಡಬೇಕು, ಏನು ಕೇಳಬೇಕು ಎರಡೂ ಗೊತ್ತಾಗುತ್ತದೆ.

ವಡಾಲಾ ಡಿಪೊ
ಮಾಸ್ತರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಮಹಾನಗರ ಪಾಲಿಕೆಯ ಕನ್ನಡ ಶಾಲೆಯೂ ಖಾಸಗಿ ಅನುದಾನಿತ ಶಾಲೆಯೂ ಒಂದೇ ಪಟ್ಟಿಯಲ್ಲಿ ಬರಬಾರದು. ಪಾಲಿಕೆ ಶಾಲೆಯ ಶಿಕ್ಷಕರು ಪಾಲಿಕೆಯ ನೌಕರರು. ಅದಕ್ಕೆ ಹೋಗಬೇಕಾದ್ದು ಪಾಲಿಕೆಯ ಶಿಕ್ಷಣಾಧಿಕಾರಿ, ಶಿಕ್ಷಣ ಸಮಿತಿ, ನಿಮ್ಮ ವಾರ್ಡಿನ ನಗರಸೇವಕರ (ಪಾಲಿಕೆ ಸದಸ್ಯರ) ಬಳಿ. ಮುಂಬೈಯಲ್ಲಿ 227 ವಾರ್ಡ್ ಇವೆ. ಶಾಸಕರ ಮುಂದೆ ಪಾಲಿಕೆ ಶಾಲೆ ಪಟ್ಟಿ ಇಟ್ಟರೆ "ಇದು ನಮ್ಮ ವಿಷಯ ಅಲ್ಲ, ಆಯುಕ್ತರಿಗೆ ಬರೀತೇನೆ" ಅನ್ನುತ್ತಾರೆ, ನಿಮ್ಮ ಹತ್ತು ನಿಮಿಷ ಮುಗಿಯಿತು.

ಪಟಸಂಖ್ಯೆ ಮಾಸ್ತರ
ಒಪ್ಪಿದೆ. ಎರಡು ಪಟ್ಟಿ, ಎರಡು ಮನವಿ. ಡೊಂಬಿವಲಿ ಕಡೆಯವರಿಗೆ ಪಾಲಿಕೆಯೇ ಬೇರೆ, ಕಲ್ಯಾಣ-ಡೊಂಬಿವಲಿ.

ಕಿಂಗ್ಸ್ ಸರ್ಕಲ್
ಇಷ್ಟೆಲ್ಲ ಯಾಕೆ? ಆಮದಾರ ನಿಧಿ, ಶಾಸಕರ ನಿಧಿ ಉಂಟಲ್ಲ, ವರ್ಷಕ್ಕೆ 5 ಕೋಟಿ. ಅದ್ರಲ್ಲಿ ನಾಲ್ಕು ಶಿಕ್ಷಕರ ಸಂಬಳ ಕೊಡ್ಲಿಕ್ಕೆ ಹೇಳಿ, ಮುಗೀತು.

ಶಾಸನ ನಿರ್ಣಯ
ಆ ನಿಧಿಯಿಂದ ಸಂಬಳ ಕೊಡಲು ಬರುವುದಿಲ್ಲ ಸರ್, ಅದು ಕಟ್ಟಡ, ಶೌಚಾಲಯ, ಕಂಪ್ಯೂಟರ್‌ನಂಥ ಕಾಮಗಾರಿಗಳಿಗೆ. ತೆಗೆದ ಹತ್ತು ಬೇಡಿಕೆಗಳಲ್ಲಿ ಶೌಚಾಲಯ, ಕಂಪ್ಯೂಟರ್ ಬೇರೆ ಅರ್ಜಿಯಾಗಿ ಕ್ಷೇತ್ರದ ಕಚೇರಿಗೆ ಹೋಗಲಿ. ಆದರೆ ಅದೇ ಭೇಟಿಯಲ್ಲಿ ಬೇಡ. ಎರಡು ಕೇಳಿದರೆ ಸುಲಭದ್ದನ್ನು ಕೊಟ್ಟು ಕಷ್ಟದ್ದನ್ನು ಬಿಡ್ತಾರೆ. ಕಂಪ್ಯೂಟರ್ ಉದ್ಘಾಟನೆ ಆಗುತ್ತದೆ, ಶಿಕ್ಷಕರು ಬರುವುದಿಲ್ಲ.

ಆರ್‌ಟಿಐ ಅರ್ಜಿ
ಹುದ್ದೆಗಳ ಅಂಕಿ ಎಲ್ಲಿಂದ ತರ್ತೀರಿ? ಮುಖ್ಯೋಪಾಧ್ಯಾಯರು ಬಾಯಲ್ಲಿ ಹೇಳಿದ್ದನ್ನು ಬರೀಬೇಡಿ. ಅಧಿಕಾರಿ "ತಪ್ಪು ಮಾಹಿತಿ" ಅಂದರೆ ಶಾಸಕರು ನಿಮ್ಮ ಮೇಲಿನ ನಂಬಿಕೆ ಕಳಕೊಳ್ತಾರೆ. ಮಾಹಿತಿ ಹಕ್ಕಿನಲ್ಲಿ ತೆಗೆಯಿರಿ, 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್, 30 ದಿನ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಸಂಚ್ ಮಾನ್ಯತಾ ಪ್ರತಿ ಒಂದು ಅರ್ಜಿ, ರೋಸ್ಟರ್ ತಪಾಸಣೆಯ ಸ್ಥಿತಿ ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿದರೆ ಆ ಕಾರಣಕ್ಕೇ ವಾಪಸ್ ಮಾಡ್ತಾರೆ. 30 ದಿನ ಕಾದು ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೆ ಮತ್ತೆ ಸಮಯ ಬೇಕು. ಅಂದರೆ ಅಧಿವೇಶನಕ್ಕೆ ಎರಡು ತಿಂಗಳು ಮುಂಚೆ ಅರ್ಜಿ ಬಿದ್ದಿರಬೇಕು.

ಚೆಂಬೂರು ಪಾಲಕಿ
ಈಗ ಎರಡು ತಿಂಗಳು ಇಲ್ಲವಲ್ಲಾ ಸರ್?

ಆರ್‌ಟಿಐ ಅರ್ಜಿ
ಹಾಗಿದ್ದರೆ ಸಂಸ್ಥೆಯ ಆಡಳಿತ ಮಂಡಳಿಯಿಂದಲೇ ಸಂಚ್ ಮಾನ್ಯತಾ ಪ್ರತಿ ಕೇಳಿ, ಅವರ ಬಳಿ ಇದ್ದೇ ಇರುತ್ತದೆ. ಶಾಲೆಯ ಮುದ್ರೆ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿಕೊಳ್ಳಿ. ಆರ್‌ಟಿಐ ಅರ್ಜಿಯನ್ನೂ ಇವತ್ತೇ ಹಾಕಿ, ನಾಗಪುರದ ಚಳಿಗಾಲದ ಅಧಿವೇಶನಕ್ಕೆ ಬೇಕಾಗುತ್ತದೆ.

ಆಜಾದ್ ಮೈದಾನ್
ನಾನು ಬೇರೆ ಮಾತು ಹೇಳ್ತೀನಿ. ಪತ್ರ, ಪೋಚ್ (ಪತ್ರ ಮುಟ್ಟಿದ್ದಕ್ಕೆ ಮುದ್ರೆ), ಕಡತ ಅಂತ ವರ್ಷಗಟ್ಟಲೆ ಓಡಾಡೋದೇ ಆಗುತ್ತೆ. ಪೊಲೀಸರ ಅನುಮತಿ ತಗೊಂಡು ಆಜಾದ್ ಮೈದಾನದಲ್ಲಿ ಒಂದು ದಿನ ಧರಣಿ ಕೂತರೆ ಮಂತ್ರಿಗಳೇ ಐದು ಜನರ ನಿಯೋಗ ಕರೆಸ್ಕೊಳ್ತಾರೆ. ವಿನಾ ಅನುದಾನಿತ ಶಾಲೆಗಳ ಶಿಕ್ಷಕರು ಮಾಡಿದ್ದು ಅದೇ. ಅನುದಾನದ ಹಂತ ಏರಿದ್ದು ಮೈದಾನದಲ್ಲಿ ಕೂತಿದ್ದಕ್ಕೆ.

ಶಾಸನ ನಿರ್ಣಯ
ಮೈದಾನದ ಶಕ್ತಿಯನ್ನು ಅಲ್ಲಗಳೆಯೋದಿಲ್ಲ. ಆದರೆ ಅವರು ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಜನ ಬಂದು ವಾರಗಟ್ಟಲೆ ಕೂರಬಲ್ಲರು. ನಮಗೆ 50 ಪಾಲಕರನ್ನು ಒಂದು ದಿನ ರಜೆ ಹಾಕಿಸೋದೇ ಕಷ್ಟ. ಅದಕ್ಕಿಂತ ದೊಡ್ಡ ವಿಷಯ: ಮೈದಾನದಲ್ಲಿ ಮಂತ್ರಿ ಕೊಟ್ಟ ಮಾತಿಗೆ ಕಾಗದ ಇಲ್ಲ. ಸದನದಲ್ಲಿ ಕೊಟ್ಟ ಆಶ್ವಾಸನೆ ಹಾಗಲ್ಲ, ಅದನ್ನು ಬೆನ್ನುಹತ್ತೋಕೆ ವಿಧಾನಮಂಡಳದ ಆಶ್ವಾಸನ ಸಮಿತಿ ಅಂತಲೇ ಇದೆ, ಇಲಾಖೆ ಅಲ್ಲಿ ಲೆಕ್ಕ ಒಪ್ಪಿಸಬೇಕು. ನಮ್ಮ ಗುರಿ ಸದನದೊಳಗೆ ಒಂದು ಉತ್ತರ ತರಿಸೋದು.

ಆಜಾದ್ ಮೈದಾನ್
ಸದನದಲ್ಲಿ ಪ್ರಶ್ನೆ ಬರೋದು ಅಷ್ಟು ಸುಲಭವಾ? ಒಬ್ಬೊಬ್ಬ ಶಾಸಕರು ರಾಶಿ ರಾಶಿ ನೋಟಿಸ್ ಕೊಡ್ತಾರೆ, ಚರ್ಚೆಗೆ ಬರೋದು ಬೆರಳೆಣಿಕೆ.

ಶಾಸನ ನಿರ್ಣಯ
ಅದಕ್ಕೇ ದಾರಿ ಆರಿಸಿಕೊಳ್ಳಬೇಕು. ತಾರಾಂಕಿತ ಪ್ರಶ್ನೆ, ನಮ್ಮೂರಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತೀವಲ್ಲ, ಅದರ ನೋಟಿಸ್ ಅಧಿವೇಶನ ಶುರುವಾಗುವ ವಾರಗಟ್ಟಲೆ ಮುಂಚೆ ಹೋಗಬೇಕು. ಅಧಿವೇಶನದ ಎರಡನೇ ವಾರದಲ್ಲಿ ಹೋಗಿ "ಪ್ರಶ್ನೆ ಕೇಳಿ" ಅಂದರೆ ಶಾಸಕರು ತಲೆಯಾಡಿಸ್ತಾರೆ ಅಷ್ಟೇ. ಅಧಿವೇಶನ ನಡೆಯುವಾಗ ಇರುವ ದಾರಿ ಲಕ್ಷವೇಧಿ ಸೂಚನೆ, ಅಂದರೆ ಗಮನ ಸೆಳೆಯುವ ಸೂಚನೆ, ವಿಧಾನಸಭೆ ನಿಯಮ 105. ಅದಕ್ಕೆ ಮಂತ್ರಿಗಳ ಲಿಖಿತ ನಿವೇದನೆ ಬರುತ್ತದೆ, ಮೇಲೆ ಮೌಖಿಕ ಪ್ರಶ್ನೆಗಳೂ ಆಗುತ್ತವೆ. ಅದೂ ಸಿಗದಿದ್ದರೆ ಔಚಿತ್ಯದ ಮುದ್ದಾ, ಎರಡು ನಿಮಿಷ ಓದಿ ಸದನದ ದಾಖಲೆಗೆ ಹಾಕೋದು. ಬಜೆಟ್ ಅಧಿವೇಶನದಲ್ಲಾದರೆ ಶಾಲೇಯ ಶಿಕ್ಷಣದ ಬೇಡಿಕೆಗಳ ಮೇಲೆ ಕಪಾತ ಸೂಚನೆ (ಅನುದಾನ ಕಡಿತದ ಸೂಚನೆ) ಕೂಡ ಇದೆ.

ಮುಖ್ಯವಾದ್ದು, ಕರಡು ನೀವೇ ಬರೆದುಕೊಂಡು ಹೋಗಬೇಕು, ಮರಾಠಿಯಲ್ಲಿ, ಸದನದ ಧಾಟಿಯಲ್ಲಿ. ತಾರಾಂಕಿತ ಪ್ರಶ್ನೆಗೆ ಒಂದು ಸ್ಥಿರ ಚೌಕಟ್ಟಿದೆ. ಮೊದಲ ಉಪಪ್ರಶ್ನೆ ಸಂಗತಿ ಹೇಳಿ "ಹೇ ಖರೇ ಆಹೇ ಕಾಯ್" (ಇದು ನಿಜವೇ) ಅಂತ ಮುಗಿಯುತ್ತದೆ. ಎರಡನೆಯದು "ಅಸಲ್ಯಾಸ್" (ಹಾಗಿದ್ದರೆ) ಅಂತ ಶುರುವಾಗಿ ವಿಚಾರಣೆ ಆಯಿತೇ ಅಂತ ಕೇಳುತ್ತದೆ. ಮೂರನೆಯದು ಏನು ಕಾರ್ಯವಾಹಿ ಆಯಿತು ಅಂತ. ಕಡೆಯದು "ನಸಲ್ಯಾಸ್, ವಿಲಂಬಾಚೀ ಕಾರಣೇ ಕಾಯ್ ಆಹೇತ್" (ಆಗಿಲ್ಲದಿದ್ದರೆ ತಡಕ್ಕೆ ಕಾರಣಗಳೇನು). ಈ ರೂಪದಲ್ಲಿ ಕೊಟ್ಟರೆ ಪಿಎ ಸೀದಾ ಸಹಿಗೆ ಇಡ್ತಾರೆ. ಮೂರು ಪುಟದ ಅಳಲು ಕೊಟ್ಟರೆ ಅದನ್ನು ಪ್ರಶ್ನೆ ಮಾಡುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ.

ವಡಾಲಾ ಡಿಪೊ
ಫಾಂಟ್ ಬಗ್ಗೆಯೂ ಹೇಳಿ. ಡಿಟಿಪಿ ಅಂಗಡಿಯಲ್ಲಿ ಹಳೇ ಮರಾಠಿ ಫಾಂಟಲ್ಲಿ ಹೊಡೆಸಿದ ಕಡತ ಪಿಎ ಕಂಪ್ಯೂಟರ್‌ನಲ್ಲಿ ಬರೀ ಚಿತ್ತಾರವಾಗಿ ತೆರೆದುಕೊಳ್ಳುತ್ತೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ವರ್ಡ್ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಅಲ್ಲೇ ಕಳಿಸಿ. ಅವರು ಲೆಟರ್‌ಹೆಡ್ ಮೇಲೆ ಅಂಟಿಸಿ ಸಂಜೆಯೊಳಗೆ ಪತ್ರ ತೆಗೀತಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕಳಿಸಿದರೆ ಅವರು ಮತ್ತೆ ಟೈಪ್ ಮಾಡಬೇಕು, ಅಲ್ಲೇ ನಿಂತುಹೋಗುತ್ತೆ.

ಕಿಂಗ್ಸ್ ಸರ್ಕಲ್
ಎಲ್ಲ ಮರಾಠಿಯಲ್ಲೇ ಆದ್ರೆ ಕನ್ನಡದ ಕೆಲಸಕ್ಕೆ ಹೋದವ್ರು ಕನ್ನಡ ಬಿಟ್ಟಂಗೆ ಆಗುದಿಲ್ವಾ?

ಜತ್ತ ಸೀಮಿ
ಆಗೂದಿಲ್ರಿ. ಸರ್ಕಾರದ ಭಾಷಾ ಮರಾಠಿ, ಕಡತ ಮರಾಠಿಯೊಳಗ ಓಡ್ತದ. ನಾವು ಗಡಿಯಾಗ ದಿನಾ ಹಂಗ ಮಾಡ್ತೇವಿ. ಕನ್ನಡ ಪ್ರತಿ ನಮ್ಮ ಮಂದಿಗಿ ಕೊಡ್ರಿ, ತಾವು ಯಾತಕ್ಕ ಸಹಿ ಹಾಕ್ಯಾರ ಅನ್ನೂದು ಅವರಿಗೂ ತಿಳೀಬೇಕು.

ಇನ್ನೊಂದು. ಗಡಿ ವಿವಾದದ ಮಾತು ಬಾಯಾಗ ಬರಬಾರ್ದು. ಯಾರರ "ಬೆಳಗಾವಿಯೊಳಗ ಮರಾಠಿ ಸಾಲಿಗಿ ಏನ್ ಮಾಡೀರಿ" ಅಂತ ಕೇಳೇ ಕೇಳ್ತಾರ. "ನಾವು ಈ ರಾಜ್ಯದ ಮತದಾರರು, ನಮ್ಮ ಮಕ್ಕಳ ಸಾಲಿ ಮಾತು ಹೇಳಾಕ ಬಂದೇವಿ" ಅಂತ ಒಂದ ಮಾತು ಹೇಳಿ ಮುಂದ ನಡೀರಿ. ವಾದಕ್ಕ ಇಳದ್ರ ಕೆಲಸ ಕೆಡ್ತದ.

ಪಟಸಂಖ್ಯೆ ಮಾಸ್ತರ
ಬಹಳ ಸರಿ. ಬರುವ ಇನ್ನೆರಡು ಪ್ರಶ್ನೆಗೂ ಉತ್ತರ ಬಾಯಿಪಾಠ ಇರಲಿ. "ನಿಮ್ಮ ಮಕ್ಕಳು ಮರಾಠಿ ಕಲೀತಾರಾ?" ಕಲಿಯುತ್ತಾರೆ. 2020ರ ಕಾಯ್ದೆಯಿಂದ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಕನ್ನಡ ಶಾಲೆಯೂ ಅದರಲ್ಲಿ ಬಂತು. "ಮಕ್ಕಳೇ ಇಲ್ಲ, ಶಿಕ್ಷಕರು ಯಾಕೆ?" ಇದಕ್ಕೆ ಶಾಲೆಯ ಪಟಸಂಖ್ಯೆ ತೋರಿಸಿ. ಕಡಿಮೆ ಇದ್ದರೆ ಮುಚ್ಚಿಡಬೇಡಿ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಕೊಡಲು ರಾಜ್ಯಗಳಿಗೆ ಹೇಳುತ್ತದೆ. ತರಗತಿಗೆ 10 ಅಥವಾ ಶಾಲೆಗೆ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು ಎಂಬ ಸೂತ್ರ 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದಲೂ ಇದೆ. ನಿಮ್ಮ ಶಾಲೆ ಆ ಗೆರೆ ದಾಟಿದ್ದರೆ ಅದನ್ನೇ ಹಿಡಿಯಿರಿ.

ಮಾಂಡೋವಿ ದಡ
ಗೋವಾದಿಂದ ಓದ್ತಾ ಇದ್ದೇನೆ. ನಮ್ಮಲ್ಲಿ ಪೊರ್ವೋರಿಮ್‌ನಲ್ಲಿ 40 ಶಾಸಕರು, ಒಂದು ಕ್ಷೇತ್ರಕ್ಕೆ 30 ಸಾವಿರದ ಆಸುಪಾಸು ಮತದಾರರು. ವಾಸ್ಕೋ ಕಡೆ ಇಪ್ಪತ್ತು ಮನೆಯವರು ಸೇರಿದರೂ ಶಾಸಕರು ಹೆಸರು ಹಿಡಿದು ಮಾತಾಡಿಸ್ತಾರೆ. ಮುಂಬೈಯ ಕಷ್ಟ ನಮಗಿಲ್ಲ. ಆದರೆ ನಮ್ಮಲ್ಲಿ ಶುಕ್ರವಾರ ಖಾಸಗಿ ಸದಸ್ಯರ ಠರಾವು (ನಿರ್ಣಯ) ಬರುತ್ತದೆ, ಹೆಚ್ಚು ಜೋರು ಇರುವುದು ಅದಕ್ಕೆ. ನಿಮ್ಮಲ್ಲಿ ಅಂಥ ಅಶಾಸಕೀಯ ಠರಾವಿನ ದಾರಿ ನೋಡಿದ್ದೀರಾ?

ಶಾಸನ ನಿರ್ಣಯ
ಇದೆ, ಆದರೆ 288 ಜನರ ಸದನದಲ್ಲಿ ಆ ಸರದಿ ಬರೋದು ತೀರಾ ಅಪರೂಪ. ಅದಕ್ಕಿಂತ ವಿಧಾನ ಪರಿಷತ್ತನ್ನು ಮರೀಬೇಡಿ. 78 ಸ್ಥಾನದಲ್ಲಿ 7 ಶಿಕ್ಷಕ ಕ್ಷೇತ್ರದವು. ಪುಣೆ ಶಿಕ್ಷಕ ಕ್ಷೇತ್ರ ಅಂದರೆ ಪುಣೆ, ಸಾತಾರಾ, ಸಾಂಗಲಿ, ಸೊಲ್ಲಾಪುರ, ಕೊಲ್ಹಾಪುರ. ಜತ್ತ, ಅಕ್ಕಲಕೋಟ ಎರಡೂ ಒಬ್ಬರದ್ದೇ ಕ್ಷೇತ್ರದಲ್ಲಿ ಬಂದವು! ಮುಂಬೈಗೆ ಮುಂಬೈ ಶಿಕ್ಷಕ ಕ್ಷೇತ್ರ, ಠಾಣೆಗೆ ಕೊಂಕಣ ಶಿಕ್ಷಕ ಕ್ಷೇತ್ರ. ಈ ಮೂವರನ್ನು ಒಂದೇ ವಾರದಲ್ಲಿ ಕಂಡರೆ ಕನ್ನಡ ಶಾಲೆ ಇರುವ ಹೆಚ್ಚಿನ ಜಾಗ ಮುಗಿಯಿತು.

ಪಟಸಂಖ್ಯೆ ಮಾಸ್ತರ
ಒಂದು ಎಚ್ಚರಿಕೆ: ಆ ಕ್ಷೇತ್ರಗಳಲ್ಲಿ ಮಾಧ್ಯಮಿಕ ಶಾಲೆಯಿಂದ ಮೇಲಿನ ಶಿಕ್ಷಕರಿಗೆ ಮಾತ್ರ ಮತ. ಪ್ರಾಥಮಿಕ ಶಿಕ್ಷಕರಿಗೆ ಇಲ್ಲ. ಹೀಗಾಗಿ ಆ ಮೂವರ ಬಳಿ ಹೋಗುವ ತಂಡದಲ್ಲಿ ಒಬ್ಬರಾದರೂ ಹೈಸ್ಕೂಲ್ ಶಿಕ್ಷಕರು ಇರಲೇಬೇಕು, ಮನವಿಯಲ್ಲಿ 9, 10ನೇ ತರಗತಿಯ ಹುದ್ದೆಗಳು ಮೇಲೆ ಬರಬೇಕು.

ಪಿಂಪ್ರಿ ಪಾಳಿ
ಪುಣೆಯಿಂದ ಬರುವವರಿಗೆ: ಡೆಕ್ಕನ್ ಕ್ವೀನ್ ಬೆಳಗ್ಗೆ 7:15ಕ್ಕೆ ಬಿಟ್ಟು ಸಿಎಸ್‌ಎಂಟಿ ತಲುಪೋದು 10:25ಕ್ಕೆ. 8ರಿಂದ 10ರ ಭೇಟಿಗೆ ಆಗೋದಿಲ್ಲ. ಹಿಂದಿನ ಸಂಜೆಯೇ ಬರಬೇಕು, ಇಲ್ಲವೇ ಮಧ್ಯಾಹ್ನದ ಮಂತ್ರಾಲಯದ ತಂಡಕ್ಕೆ ಸೇರಬೇಕು. ಸಂಜೆ ವಾಪಸ್ 5:10ಕ್ಕೆ, ಅದಕ್ಕೆ ರಿಸರ್ವೇಶನ್ ಮೊದಲೇ ಮಾಡಿಡಿ.

ಡೊಂಬಿವಲಿ ಲೋಕಲ್
ಜುಲೈ ಅಂದರೆ ಮಳೆ. ಸಮುದ್ರದ ಭರತಿ ಹೊತ್ತಿಗೆ ಜೋರು ಮಳೆ ಬಂದರೆ ಕುರ್ಲಾ-ಸಾಯನ್ ನಡುವೆ ಹಳಿ ಮುಳುಗಿ ಸೆಂಟ್ರಲ್, ಹಾರ್ಬರ್ ಎರಡೂ ನಿಲ್ಲುತ್ತವೆ. ಪ್ರತಿ ತಂಡದಲ್ಲಿ ದಕ್ಷಿಣ ಮುಂಬೈ ಅಥವಾ ವೆಸ್ಟರ್ನ್ ಲೈನ್ ಕಡೆಯ ಒಬ್ಬರಾದರೂ ಇರಲಿ, ಮನವಿಯ ಮೂಲ ಪ್ರತಿ ಅವರ ಕೈಯಲ್ಲಿರಲಿ. ಉಳಿದವರು ಸಿಕ್ಕಿಬಿದ್ದರೂ ಭೇಟಿ ತಪ್ಪಬಾರದು. ಅಂಧೇರಿ, ಬಿಕೆಸಿ ಕಡೆಯಿಂದ ಬರೋರಿಗೆ ಭೂಗತ ಮೆಟ್ರೊ 3 ಇದೆ, ವಿಧಾನ ಭವನ ಅಂತಲೇ ನಿಲ್ದಾಣ, 2025ರ ಅಕ್ಟೋಬರ್‌ನಲ್ಲಿ ತೆರೆಯಿತು.

ಕಿಂಗ್ಸ್ ಸರ್ಕಲ್
ಸರಿ, ನಾಲ್ಕು ಜನ ಒಪ್ಪಿದೆ. ಆದ್ರೆ ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ದೆ ಹೋಗುದು ನಮ್ಮ ಪದ್ಧತಿ ಅಲ್ಲ. ಶಾಸಕರನ್ನು ಬರಿಗೈಯಲ್ಲಿ ಕಾಣ್ಲಿಕ್ಕೆ ಆಗುದಿಲ್ಲ.

ವಡಾಲಾ ಡಿಪೊ
ಸಿಗೋದು ಹತ್ತು ನಿಮಿಷ ಸರ್. ಶಾಲು ಬಿಚ್ಚೋದು, ಹಾರ ಹಾಕೋದು, ಫೋಟೊಗೆ ನಿಲ್ಲೋದು, ಇನ್ನೊಬ್ಬರ ಮೊಬೈಲಲ್ಲಿ ಮತ್ತೊಂದು ಸಲ, ನಾಲ್ಕು ನಿಮಿಷ ಹೋಯಿತು. ಫೋಟೊ ಆದಕೂಡಲೇ ಭೇಟಿ ಮುಗಿಯಿತು ಅನ್ನೋ ಭಾವನೆ ಶಾಸಕರಿಗೂ ಬರುತ್ತೆ. ಸನ್ಮಾನ ಬೇಕಿದ್ದರೆ ಹುದ್ದೆ ತುಂಬಿದ ಮೇಲೆ ಶಾಲೆಗೇ ಕರೆದು ಮಾಡಿ.

ಕಿಂಗ್ಸ್ ಸರ್ಕಲ್
ಮಾತಾಡಿ ಮುಗಿಸಿ ಎದ್ದೇಳುವಾಗ ಒಂದು ಹೂವು ಕೊಡ್ಬಹುದಲ್ಲ? ಅಷ್ಟಾದ್ರೂ ಇರ್ಲಿ.

ವಡಾಲಾ ಡಿಪೊ
ಅಷ್ಟು ಆಗಬಹುದು. ಆದರೆ ಮೊದಲು ಪೋಚ್, ಆಮೇಲೆ ಹೂವು.

ಚೆಂಬೂರು ಪಾಲಕಿ
ನಾಲ್ವರಲ್ಲಿ ಯಾರು ಏನು ಮಾಡಬೇಕು? ಎಲ್ಲರೂ ಮಾತಾಡೋಕೆ ಶುರು ಮಾಡಿದರೆ ಕಷ್ಟ.

ಶಾಸನ ನಿರ್ಣಯ
ಒಬ್ಬರೇ ಮಾತಾಡೋದು, ಚೆನ್ನಾಗಿ ಮರಾಠಿ ಬರುವವರು. ಎರಡನೆಯವರು ಆ ಕ್ಷೇತ್ರದ ಪಾಲಕರು, ತಮ್ಮ ಮಗುವಿನ ತರಗತಿಯಲ್ಲಿ ಯಾವ ವಿಷಯಕ್ಕೆ ಶಿಕ್ಷಕರಿಲ್ಲ ಅಂತ ಎರಡು ವಾಕ್ಯ. ಮೂರನೆಯವರು ಬರೆದುಕೊಳ್ಳೋದು: ಶಾಸಕರು ಏನು ಒಪ್ಪಿದರು, ಯಾವ ಪಿಎಗೆ ಹೇಳಿದರು, ಯಾವತ್ತು ವಿಚಾರಿಸಲು ಹೇಳಿದರು. ನಾಲ್ಕನೆಯವರು ಒಳಗೆ ಮಾತು ನಡೆಯುವಾಗಲೇ ಹೊರಗೆ ಆವಕ್ (ಬಂದ ಪತ್ರಗಳ) ಟೇಬಲ್‌ನಲ್ಲಿ ನಿಂತು ಇನ್ನೊಂದು ಪ್ರತಿಗೆ ಮುದ್ರೆ, ತಾರೀಖು, ಆವಕ್ ಕ್ರಮಾಂಕ ಹಾಕಿಸಿಕೊಳ್ಳೋದು. ಈ ನಾಲ್ಕನೆಯ ಕೆಲಸ ಬಿಟ್ಟುಹೋದರೆ ಮುಂದಿನ ಸಲ ಹೋದಾಗ "ಪತ್ರ ಬಂದೇ ಇಲ್ಲ" ಅಂತಾರೆ.

ಭೇಟಿಯ ಸಮಯ 15 ದಿನ ಮುಂಚೆ ಪತ್ರ ಕೊಟ್ಟು ಕೇಳಿ, ವಾರ ಮುಂಚೆ ಫೋನ್, ಹಿಂದಿನ ಸಂಜೆ ಮತ್ತೆ ಫೋನ್. ಪಕ್ಷದ ಸಭೆ ಅಂತ ಬೆಳಗಿನ ಕಾರ್ಯಕ್ರಮ ರಾತ್ರಿಯೇ ಬದಲಾಗುತ್ತೆ. ಒಂದೇ ತಂಡಕ್ಕೆ ಬೆಳಗಿನಲ್ಲಿ ಎರಡಕ್ಕಿಂತ ಹೆಚ್ಚು ಭೇಟಿ ಇಡಬೇಡಿ. ಎಲ್ಲ ಪಕ್ಷದವರನ್ನೂ ಕಾಣಿ, ಆಡಳಿತ ಪಕ್ಷದವರು ಮಂತ್ರಿಗೆ ಪತ್ರ ಬರೆಯಲಿ, ವಿರೋಧ ಪಕ್ಷದವರು ಲಕ್ಷವೇಧಿ ಕೊಡಲಿ. ಅದಲು ಬದಲು ಕೇಳಿದರೆ ಇಬ್ಬರೂ ಮಾಡೋದಿಲ್ಲ. ಸಂಘಗಳು ಸಾರ್ವಜನಿಕ ನ್ಯಾಸ ಅಂತ ನೋಂದಣಿ ಆಗಿರೋದರಿಂದ ಯಾವ ಪಕ್ಷದ ವೇದಿಕೆ, ಬ್ಯಾನರ್ ಕೂಡ ಬೇಡ. ಸ್ಥಳೀಯ ಚುನಾವಣೆಯ ಆಚಾರಸಂಹಿತೆ ಇದ್ದರೆ ದಿನವನ್ನೇ ಮುಂದೂಡಿ.

ಆಜಾದ್ ಮೈದಾನ್
ಪತ್ರ ಹೋದ ಮೇಲೆ? ಮಂತ್ರಿಗಳ ಕಚೇರಿಯಲ್ಲಿ ಅಂಥ ಪತ್ರಗಳ ಗುಡ್ಡ ಬಿದ್ದಿರುತ್ತೆ.

ಶಾಸನ ನಿರ್ಣಯ
ಶೇರಾ ನೋಡಿ. ಮಂತ್ರಿಗಳು ಪತ್ರದ ಮೂಲೆಯಲ್ಲಿ ಬರೆಯುವ ಒಂದು ಸಾಲು. "ತಪಾಸೂನ್ ಸಾದರ ಕರಾವೇ" (ಪರಿಶೀಲಿಸಿ ಮಂಡಿಸಿ) ಅಂತಿದ್ದರೆ ಕಡತ ಅವರ ಬಳಿಗೇ ವಾಪಸ್ ಬರಬೇಕು, ಒಳ್ಳೆಯದು. "ನಿಯಮಾನುಸಾರ ಕಾರ್ಯವಾಹಿ" ಅಂತಷ್ಟೇ ಇದ್ದರೆ ಅದು ಕೆಳಗೆ ಇಳಿದು ಎಲ್ಲೋ ನಿಲ್ಲುತ್ತದೆ. ಭೇಟಿಯಲ್ಲೇ ಶಾಸಕರಿಗೆ ಹೇಳಿ, ಮೊದಲನೆಯ ಥರದ ಶೇರಾ ಬರಿಸಿಕೊಡಿ ಅಂತ. ಆಮೇಲೆ ಪತ್ರ ಯಾವ ಕಕ್ಷ (ವಿಭಾಗ) ಅಧಿಕಾರಿಗೆ ಹೋಯಿತು, ಕಡತದ ಇ-ಆಫೀಸ್ ಸಂಖ್ಯೆ ಎಷ್ಟು, ಇವೆರಡು ಗೊತ್ತಾಗೋವರೆಗೆ ಬಿಡಬೇಡಿ. ಆ ಸಂಖ್ಯೆ ಸಿಕ್ಕಮೇಲೆ 15 ದಿನಕ್ಕೊಮ್ಮೆ ಒಬ್ಬರೇ ಹೋಗಿ ವಿಚಾರಿಸಿದರೂ ಸಾಕು. ಇದಕ್ಕೆ ಮಧ್ಯಾಹ್ನ ಬಿಡುವಿರುವ ಒಬ್ಬ ನಿವೃತ್ತರನ್ನು ಈಗಲೇ ಗೊತ್ತು ಮಾಡಿ. ಭೇಟಿ ದಿನಕ್ಕೆ 50 ಜನ ಸಿಗ್ತಾರೆ, ಈ ಓಡಾಟಕ್ಕೆ ಒಬ್ಬರು ಸಿಗೋದೇ ಕಷ್ಟ, ಮತ್ತು ಹುದ್ದೆ ತುಂಬೋದು ಈ ಓಡಾಟದಿಂದಲೇ.

ಆರ್‌ಟಿಐ ಅರ್ಜಿ
ಇ-ಆಫೀಸ್ ಸಂಖ್ಯೆ ಸಿಕ್ಕರೆ ಆ ಕಡತದ ಟಿಪ್ಪಣಿಗಳನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಬಿದ್ದಕೂಡಲೇ ಕಡತ ಅಲುಗಾಡುತ್ತೆ.

ಚೆಂಬೂರು ಪಾಲಕಿ
ಬಸ್ಸು ಬೇಡ ಅಂತ ಹೇಳಿಬಿಟ್ಟೆ. ಅನುದಾನಿತ ಶಾಲೆಗಳದ್ದೊಂದು ಪಟ್ಟಿ, ಪಾಲಿಕೆಯದ್ದೊಂದು ಪಟ್ಟಿ ಶುರು ಮಾಡ್ತಿದ್ದೀವಿ. ಮರಾಠಿ ಕರಡು ತಿದ್ದಿಕೊಡೋರು ಬೇಕು, ಮಾಸ್ತರೇ ನೀವು ನೋಡ್ತೀರಾ? ಜತ್ತದ ಅಣ್ಣಾ, ನಿಮ್ಮ ಕಡೆಯಿಂದ ಎಷ್ಟು ಜನ ಬರಬಹುದು?

ಪಟಸಂಖ್ಯೆ ಮಾಸ್ತರ
ಕಳಿಸಿ, ನೋಡ್ತೇನೆ. ಒಂದು ಪುಟ ದಾಟಬಾರದು. ಸಂಚ್ ಮಾನ್ಯತಾ ಪ್ರತಿಗಳು ಜೊತೆಗಿಲ್ಲದೆ ಕರಡು ಕಳಿಸಬೇಡಿ, ಅಂಕಿ ತಾಳೆ ನೋಡದೆ ತಿದ್ದೋಕೆ ಬರೋದಿಲ್ಲ.

ಜತ್ತ ಸೀಮಿ
ಮೂರು ತಾಲೂಕಿನಿಂದ ಇಬ್ಬಿಬ್ಬರು, ಆರು ಮಂದಿ ಸಾಕ್ರಿ. ಸಾಲಿ ಪಟ್ಟಿ ಮಾಡಾಕ ಹತ್ತೇವಿ. ವಾರದ ದಿನ ಯಾವುದಂತ ಲಗೂನ ಹೇಳ್ರಿ ಅಕ್ಕಾರ, ಸಿದ್ಧೇಶ್ವರದ ಟಿಕೀಟು ಕಡೀ ಹೊತ್ತಿನಾಗ ಸಿಗೂದಿಲ್ಲ.

ಡೊಂಬಿವಲಿ ಲೋಕಲ್
ಬುಧವಾರ ಇಡಿ. ಸೋಮವಾರ ಊರಿಂದ ಬರೋದು ತಡ ಆಗುತ್ತೆ, ಮಂಗಳವಾರ ಹೆಚ್ಚಾಗಿ ಸಚಿವ ಸಂಪುಟದ ಸಭೆ ಇರುತ್ತೆ, ಮಂತ್ರಿಗಳು ಸಿಗೋದು ಕಷ್ಟ.